ಸಶಿಶು ಕುಟುಂಬದ ನಿಸರ್ಗತಾಣ ಆಯ್ಕೆ: ರಾವಂದೂರು ಹೋಬಳಿಯನ್ನು ಅನುಲಕ್ಷಿಸಿ ಒಂದು ತೌಲನಿಕ, ಅಂತರಶಿಸ್ತೀಯ, ಬಹುನೆಲೆಯ ಅಧ್ಯಯನ

1. ನಿರ್ವಚನ

ನಿಸರ್ಗತಾಣವೆಂದರೆ, ಕುಟುಂಬವೊಂದು ತನ್ನ ಮನೆಯ ಸುತ್ತಲಿನ ಗಿಡಮರ, ನೀರು, ಪ್ರಾಣಿಗಳನ್ನು ಬಿಟ್ಟು ಬೇರೆ ಕಡೆಯ ಗಿಡಮರ, ನೀರು, ಪ್ರಾಣಿಗಳನ್ನು ದುಡ್ಡು ಕೊಟ್ಟು ನೋಡಲು ಹೋಗುವ ಜಾಗ. ದೂರ, ದುಡ್ಡು, ನೋಟ ಈ ಮೂರೂ ಸೇರಿದರಷ್ಟೇ ಲಕ್ಷಣ ಪೂರ್ಣವಾಗುತ್ತದೆ. ದೂರವಿಲ್ಲದ್ದು ಹಿತ್ತಲು. ದುಡ್ಡು ಕೊಡಬೇಕಿಲ್ಲದ್ದು ಗೋಮಾಳ. ನೋಡುವುದನ್ನು ಬಿಟ್ಟು ಬೇರೇನಾದರೂ ಮಾಡಲು ಹೋದರೆ ಅದು ಸೌದೆ ತರುವುದೋ ದನ ಮೇಯಿಸುವುದೋ ಆಗುತ್ತದೆ. ಅದಕ್ಕೆ ಇಲಾಖೆಯ ಶಾಸ್ತ್ರದಲ್ಲಿ ಅತಿಕ್ರಮ ಪ್ರವೇಶವೆಂದು ಹೆಸರು. ಈ ಲಕ್ಷಣಕ್ಕೆ ತಾರ್ಕಿಕರು ಎತ್ತಬಹುದಾದ ಆಕ್ಷೇಪ ಒಂದೇ: ಕಾಡಂಚಿನ ಹೊಲಕ್ಕೆ ರಾತ್ರಿ ಆನೆ ಬಂದಾಗ ದೂರವೂ ಇಲ್ಲ, ಟಿಕೆಟ್ಟೂ ಇಲ್ಲ, ನೋಟ ಮಾತ್ರ ಉಂಟು, ಅದನ್ನು ಏನೆನ್ನಬೇಕು? ಅದನ್ನು ಬೆಳೆಹಾನಿ ಎನ್ನಬೇಕು. ಅದಕ್ಕೆ ಬೇರೆ ಅರ್ಜಿ ನಮೂನೆ ಇದೆ.

ಚಿಕ್ಕ ಮಕ್ಕಳು ಯಾರು ಎಂಬ ಪ್ರಶ್ನೆಯನ್ನು ಮನೋವಿಜ್ಞಾನಿಗಳಿಗಿಂತ ಸರ್ಕಾರಿ ಬಸ್ಸು ಖಚಿತವಾಗಿ ಬಗೆಹರಿಸಿದೆ. ಆರು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಆರರಿಂದ ಹನ್ನೆರಡರವರೆಗೆ ಅರ್ಧ ಟಿಕೆಟ್. ಆದ್ದರಿಂದ ಮಗುವಿನ ವಯಸ್ಸು ಶಾಲೆಗೆ ಸೇರಿಸುವ ದಿನ ಸ್ವಲ್ಪ ಏರಿ, ಕಂಡಕ್ಟರು ಹತ್ತಿರ ಬಂದಾಗ ಸ್ವಲ್ಪ ಇಳಿಯುತ್ತದೆ. ಇದನ್ನು ವಯಸ್ಸಿನ ಸಾಪೇಕ್ಷತಾ ಸಿದ್ಧಾಂತವೆಂದು ಕರೆಯಬಹುದು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಗೊಡವೆ ತಪ್ಪಿದ್ದರಿಂದ ಅವರ ವಯಸ್ಸು ಸ್ಥಿರಗೊಂಡಿದೆ. ಗಂಡುಮಕ್ಕಳದ್ದು ಈಗಲೂ ಏರಿಳಿಯುತ್ತಿದೆ.

2. ಪೂರ್ವಸಾಹಿತ್ಯ ಸಮೀಕ್ಷೆ

ಈ ವಿಷಯದ ಸಾಹಿತ್ಯ ಎರಡು ಪ್ರಸ್ಥಾನಗಳಾಗಿ ಹರಿದಿದೆ. ಮೊದಲನೆಯದು ಹಾಲ್ನೊರೆ ಪ್ರಸ್ಥಾನ. ಇದರಲ್ಲಿ ಜಲಪಾತಗಳೆಲ್ಲ ಹಾಲ್ನೊರೆಯುಕ್ಕಿಸಿ ಧುಮ್ಮಿಕ್ಕುತ್ತವೆ, ಬೆಟ್ಟಗಳೆಲ್ಲ ಹಸಿರು ಹೊದ್ದು ಮಲಗುತ್ತವೆ, ತಾಣಗಳೆಲ್ಲ ಪ್ರವಾಸಿಗರನ್ನು ಕೈಬೀಸಿ ಕರೆಯುತ್ತವೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಜಿಲ್ಲೆಗೊಂದು ಮಿನಿ ನಯಾಗರ ಹುಟ್ಟಿಕೊಳ್ಳುತ್ತದೆ. ಕೊಡಗು ಭಾರತದ ಸ್ಕಾಟ್ಲೆಂಡ್ ಆಗಿ ಬಹಳ ಕಾಲವಾಯಿತು. ಸ್ಕಾಟ್ಲೆಂಡಿನವರು ತಮ್ಮ ನಾಡನ್ನು ಯುರೋಪಿನ ಕೊಡಗು ಎಂದು ಕೊಂಡಾಡಿದ್ದು ಕೇಳಿಬಂದಿಲ್ಲ. ಕೈಬೀಸಿ ಕರೆಯುವ ತಾಣವು ಬಂದವರನ್ನು ಎಲ್ಲಿ ಕೂರಿಸುತ್ತದೆ, ಕುಡಿಯಲು ನೀರು ಕೊಡುತ್ತದೆಯೇ, ಮಗುವಿನ ಚಡ್ಡಿ ಬದಲಿಸಲು ಮರೆ ಇದೆಯೇ ಎಂಬ ಬಗ್ಗೆ ಈ ಪ್ರಸ್ಥಾನ ಮೌನಿ.

ಎರಡನೆಯದು ಸಂಕಥನ ಪ್ರಸ್ಥಾನ. ಇದು ವಿಚಾರ ಸಂಕಿರಣಗಳಲ್ಲಿ, ಮಧ್ಯಾಹ್ನದ ಊಟಕ್ಕೆ ಮುಂಚಿನ ಗೋಷ್ಠಿಯಲ್ಲಿ, ಊಟ ತಡವಾಗುವ ಹಾಗೆ ಮಂಡನೆಯಾಗುತ್ತದೆ. ನಿಸರ್ಗವೆಂಬುದು ನೋಟದ ರಾಜಕಾರಣದ ಒಡಲಲ್ಲಿ ರೂಪುಗೊಳ್ಳುವ ಸಾಂಸ್ಕೃತಿಕ ಕಥನವಾಗಿರುವ ಕಾರಣವಾಗಿ, ಪ್ರವಾಸಿ ಅನನ್ಯತೆಯ ನೆಲೆಯಿಂದ ಅದರೊಂದಿಗೆ ನಡೆಸಬೇಕಾದ ಅನುಸಂಧಾನವು ಏಕಕಾಲಕ್ಕೆ ಮುಖಾಮುಖಿಯೂ ಒಳಗೊಳ್ಳುವಿಕೆಯೂ ಆಗಿರುತ್ತದೆ ಎಂಬ ಧಾಟಿಯಲ್ಲಿ ಅದು ಸಾಗುತ್ತದೆ. ಈ ಬಗೆಯ ವಾಕ್ಯವನ್ನು ಮೂರು ಸಲ ಓದಿದ ಮೇಲೂ, ನಾಲ್ಕು ವರ್ಷದ ಮಗುವನ್ನು ಇರ್ಪು ಜಲಪಾತಕ್ಕೆ ಕರೆದೊಯ್ಯಬಹುದೋ ಬೇಡವೋ ತಿಳಿಯುವುದಿಲ್ಲ. ಮಂಡಿಸಿದವರಿಗೂ ತಿಳಿಯದು. ಅವರನ್ನು ಸಂಘಟಕರು ಕಾರಿನಲ್ಲಿ ಕರೆದೊಯ್ದು ತೋರಿಸಿರುತ್ತಾರೆ. ಮಕ್ಕಳು ಊರಿನಲ್ಲಿ ಹೆಂಡತಿಯ ಹತ್ತಿರ ಇರುತ್ತಾರೆ.

ಪ್ರಸ್ತುತ ಅಧ್ಯಯನವು ಎರಡೂ ಪ್ರಸ್ಥಾನಗಳಿಗೆ ಋಣಿಯಾಗಿದ್ದು, ಎರಡರ ಪಾರಿಭಾಷಿಕ ಪದಗಳನ್ನೂ ಕೈಲಾದಷ್ಟು ಬಳಸುತ್ತದೆ.

3. ಪಂಥಭೇದ

ರಾವಂದೂರು ಪಿರಿಯಾಪಟ್ಟಣ ತಾಲ್ಲೂಕಿನ ಹೋಬಳಿ. ಪಶ್ಚಿಮಕ್ಕೆ ಕೊಡಗು, ದಕ್ಷಿಣಕ್ಕೆ ಹುಣಸೂರು ದಾಟಿದರೆ ನಾಗರಹೊಳೆ, ಅದರಾಚೆ ಎಚ್.ಡಿ. ಕೋಟೆಯ ಕಬಿನಿ, ಇತ್ತ ಕೆ.ಆರ್. ನಗರದ ಕಡೆ ಕಾವೇರಿಯೂ ಚುಂಚನಕಟ್ಟೆಯೂ. ಯಾವ ದಿಕ್ಕಿಗೆ ಹೊರಟರೂ ಒಂದು ತಾಣ ಎದುರಾಗುತ್ತದೆ. ಆಯ್ಕೆ ಕಗ್ಗಂಟಾಗಿರುವುದು ಈ ಸಮೃದ್ಧಿಯಿಂದಲೇ. ಹೋಬಳಿಯ ಮನೆಗಳಲ್ಲಿ, ರಾತ್ರಿ ಊಟವಾದ ಮೇಲೆ, ಐದು ಪಂಥಗಳು ಈ ಬಗ್ಗೆ ವಾಗ್ವಾದ ನಡೆಸುತ್ತವೆ.

ಅಜ್ಜಿ ಪಂಥದ್ದು ಆಸ್ತಿಕ ನಿಸರ್ಗವಾದ: ಗುಡಿಯಿಲ್ಲದ ಕಡೆ ನಿಸರ್ಗವಿಲ್ಲ, ಬರೀ ಬಿಸಿಲಿದೆ. ಈ ಸೀಮೆಯ ಭೂಗೋಳ ಈ ಪಂಥದ ಕಡೆಗೇ ವಾಲಿದೆ. ಚುಂಚನಕಟ್ಟೆಯ ಜಲಪಾತದ ಪಕ್ಕ ಕೋದಂಡರಾಮ, ಇರ್ಪುವಿನ ಹಾದಿಯಲ್ಲಿ ರಾಮೇಶ್ವರ, ಬೆಟ್ಟದಪುರದ ತುದಿಯಲ್ಲಿ ಸಿಡಿಲು ಮಲ್ಲಿಕಾರ್ಜುನ, ಬಂಡೀಪುರದ ಮಗ್ಗುಲಲ್ಲಿ ಹಿಮವದ್ ಗೋಪಾಲಸ್ವಾಮಿ. ಸಫಾರಿಯ ವಿಷಯ ಬಂದಾಗ ಮಾತ್ರ ಈ ಪಂಥ ಒಪ್ಪುವುದಿಲ್ಲ. "ಆನೆ ನೋಡಕ್ಕೆ ದುಡ್ ಕೊಟ್ಟು ಹೋಗ್ಬೇಕಾ? ಹೋದ್ ವರ್ಸ ನಿಮ್ಮತ್ತೆ ಊರ್ನಾಗೆ ಹೊಲಕ್ಕೇ ಬಂದಿತ್ತಲ್ಲ, ಆಗ ನೋಡ್ಲಿಲ್ವಾ?" ಎಂಬುದು ಅದರ ಪೂರ್ವಪಕ್ಷ. ಇದಕ್ಕೆ ಸಿದ್ಧಾಂತಪಕ್ಷದಿಂದ ಈವರೆಗೆ ಉತ್ತರ ಬಂದಿಲ್ಲ.

ಅಪ್ಪ ಪಂಥ ಭೌತವಾದಿ. ಲೀಟರಿಗೆ ಎಷ್ಟು ಕಿಲೋಮೀಟರು, ಓಮ್ನಿಗೆ ಬಾಡಿಗೆ ಎಷ್ಟು, ಸಂಜೆ ಹಾಲು ಕರೆಯುವ ಹೊತ್ತಿಗೆ ಬರಬಹುದೇ ಎಂಬ ತ್ರಿಸೂತ್ರಿಯಿಂದ ಅದು ಜಗತ್ತನ್ನು ಅಳೆಯುತ್ತದೆ. ಮೈಸೂರು ಚಿಕ್ಕಪ್ಪ ಪಂಥ ವರ್ಷಕ್ಕೆರಡು ಸಲ ಊರಿಗೆ ಬಂದು, ಫೋನಿನಲ್ಲಿ ನಕ್ಷತ್ರಗಳನ್ನು ಎಣಿಸಿ, ಕಬಿನಿ ದಂಡೆಯ ರೆಸಾರ್ಟೊಂದರ ಚಿತ್ರ ತೋರಿಸಿ, ಒಂದು ರಾತ್ರಿಯ ಬಾಡಿಗೆ ಹೇಳಿ ಮನೆಯವರನ್ನೆಲ್ಲ ಸುಮ್ಮನಾಗಿಸುತ್ತದೆ. ಬಾಲ ಪಂಥದ ಬೇಡಿಕೆಗಳು ಮೂರು: ನೀರು ಇರಬೇಕು, ಮಣ್ಣು ಇರಬೇಕು, ಐಸ್‌ಕ್ಯಾಂಡಿ ಇರಬೇಕು. ನೋಟವೆಂಬ ಘಟಕ ಈ ಪಂಥದಲ್ಲಿ ಇಲ್ಲವೇ ಇಲ್ಲ. ಸೂರ್ಯಾಸ್ತವನ್ನು ತೋರಿಸಿದರೆ ಅದು ತೋರಿಸಿದವರ ಬೆರಳಿನ ಉಂಗುರವನ್ನು ನೋಡುತ್ತದೆ.

ಅಮ್ಮ ಪಂಥಕ್ಕೆ ಒಂದೇ ಪ್ರಶ್ನೆ: "ಅಲ್ಲಿ ಬಾತ್‌ರೂಮ್ ಐತಾ?" ಉಳಿದ ನಾಲ್ಕೂ ಪಂಥಗಳು ಇದನ್ನು ಸೈದ್ಧಾಂತಿಕ ಪ್ರಶ್ನೆಯಲ್ಲವೆಂದು ತಳ್ಳಿಹಾಕಿವೆ. ಪ್ರಸ್ತುತ ಅಧ್ಯಯನ ಇದಕ್ಕೆ ಮುಂದೆ ಒಂದು ಸೂಚ್ಯಂಕವನ್ನೇ ಮೀಸಲಿಟ್ಟಿದೆ.

4. ಕಾಲ-ಧನ ವೈರುಧ್ಯ

ಆಯ್ಕೆಗೆ ಮುನ್ನ ಹೊರಡುವ ಕಾಲ ನಿರ್ಣಯವಾಗಬೇಕು. ಇಲ್ಲಿ ಶಾಲೆಯ ಪಂಚಾಂಗಕ್ಕೂ ಹೊಗೆಸೊಪ್ಪಿನ ಪಂಚಾಂಗಕ್ಕೂ ಹೊಂದಾಣಿಕೆಯಿಲ್ಲ. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ವರ್ಜೀನಿಯಾ ಹೊಗೆಸೊಪ್ಪಿನ ಸೀಮೆ. ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ. ದೊಡ್ಡವರಿಗೆ ಸಸಿಮಡಿಗೆ ನೀರು ಹಾಕುವ ಕೆಲಸ. ಮೊದಲ ಮಳೆ ಬಿತ್ತೆಂದರೆ ನಾಟಿ. ಕೈಯಲ್ಲಿ ಕಾಸಿಲ್ಲದ ಕಾಲ ಅದು, ಇದ್ದದ್ದೂ ಗೊಬ್ಬರಕ್ಕೆ ಹೋಗಿರುತ್ತದೆ. ಜುಲೈಯಿಂದ ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಹದ ಮಾಡುವ ಮನೆಯಾದ ಬ್ಯಾರನ್ನಿಗೆ ಏರಿಸಬೇಕು. ಒಮ್ಮೆ ಬೆಂಕಿ ಹಾಕಿದರೆ ಐದಾರು ದಿನ ಹಗಲೂ ರಾತ್ರಿ ಶಾಖ ಕಾಯಬೇಕು. ದಸರಾ ರಜೆ ಬರುವ ಹೊತ್ತಿಗೆ ಒಂದು ಕಡೆ ಬ್ಯಾರನ್ನು, ಇನ್ನೊಂದು ಕಡೆ ಹರಾಜು ಮಾರುಕಟ್ಟೆ. ಹರಾಜಿನ ದುಡ್ಡು ಬ್ಯಾಂಕಿಗೆ ಬಂದು, ಬೆಳೆಸಾಲ ಮುರಿದುಕೊಂಡು, ಮಿಕ್ಕಿದ್ದು ಕೈಗೆ ಬರುವಾಗ ಮಕ್ಕಳಿಗೆ ಪರೀಕ್ಷೆ. ಸೂತ್ರರೂಪದಲ್ಲಿ: ರಜೆಯಿರುವಾಗ ದುಡ್ಡಿಲ್ಲ, ದುಡ್ಡಿರುವಾಗ ರಜೆಯಿಲ್ಲ, ಎರಡೂ ಇರುವಾಗ ಬ್ಯಾರನ್ನು ಉರಿಯುತ್ತಿರುತ್ತದೆ.

ನಿಸರ್ಗವೂ ಈ ಸೂತ್ರಕ್ಕೆ ತನ್ನ ಕಾಣಿಕೆ ಸಲ್ಲಿಸುತ್ತದೆ. ಬೇಸಿಗೆ ರಜೆಯಲ್ಲಿ ಜಲಪಾತಗಳಲ್ಲಿ ಬಂಡೆ ಮಾತ್ರ ಕಾಣುತ್ತದೆ. ಮಳೆಗಾಲದಲ್ಲಿ ನೀರು ತುಂಬಿ ಬೀಳುವಾಗ ಶಾಲೆ ತೆರೆದಿರುತ್ತದೆ, ನೀರಿನ ಹತ್ತಿರ ಹೋಗಬಾರದೆಂದು ಹಗ್ಗ ಕಟ್ಟಿರುತ್ತಾರೆ, ದುಬಾರೆಯಲ್ಲಿ ಹೊಳೆ ದಾಟಿಸುವ ದೋಣಿ ನಿಂತಿರುತ್ತದೆ. ಬೇಸಿಗೆಯಲ್ಲಿ ಚೆನ್ನಾಗಿರುವುದು ಕಬಿನಿ ಹಿನ್ನೀರು ಒಂದೇ. ನೀರು ಇಳಿದು ದಡದಲ್ಲಿ ಹಸಿರು ಹುಲ್ಲು ಚಿಗುರಿ ಆನೆಗಳು ಹಿಂಡುಹಿಂಡಾಗಿ ಸೇರುತ್ತವೆ. ಅದನ್ನು ಹಿಂದಿನ ಭಾಗದ ಚಿಕ್ಕಪ್ಪ ಪಂಥದ ದರಪಟ್ಟಿಯೊಡನೆ ಓದಿಕೊಳ್ಳತಕ್ಕದ್ದು.

ಇದೇ ಭಾಗದಲ್ಲಿ ಒಂದು ಮಾತು ಸೇರಬೇಕು. ಹೊಗೆಸೊಪ್ಪು ಹದ ಮಾಡಲು ಸೌದೆ ಬೇಕು; ಒಂದು ಕಿಲೋ ಸೊಪ್ಪಿಗೆ ಅದರ ಹಲವು ಪಟ್ಟು ಸೌದೆ ಉರಿಯುತ್ತದೆ. ಊರ ಸುತ್ತಲಿನ ಮರಗಳು ಬ್ಯಾರನ್ನಿನ ಒಲೆಗೆ ಹೋಗಿ, ಬಂದ ದುಡ್ಡಿನಲ್ಲಿ ಮಕ್ಕಳಿಗೆ ಮರ ತೋರಿಸಲು ನಾಗರಹೊಳೆಗೆ ಕರೆದೊಯ್ಯಬೇಕಾಗುತ್ತದೆ. ಇದಕ್ಕೆ ಸಂಕಥನ ಪ್ರಸ್ಥಾನದಲ್ಲಿ ಪದ ಇರಲೇಬೇಕು. ಹುಡುಕಿಕೊಳ್ಳುವ ಕೆಲಸ ಆ ಪ್ರಸ್ಥಾನದವರದು.

5. ಸೂಚ್ಯಂಕಗಳು

ತಾಣಗಳನ್ನು ವಸ್ತುನಿಷ್ಠವಾಗಿ ತೂಗಲು ಮೂರು ಸೂಚ್ಯಂಕಗಳನ್ನು ಇಲ್ಲಿ ಪ್ರಸ್ತಾಪಿಸಲಾಗಿದೆ.

ಮೊದಲನೆಯದು ತಿರುವು-ವಾಂತಿ ಸೂಚ್ಯಂಕ. ಪಿರಿಯಾಪಟ್ಟಣದಿಂದ ಕುಶಾಲನಗರದವರೆಗೆ ಹೆದ್ದಾರಿ ಹೆಚ್ಚು ಬಳುಕದು, ಮಕ್ಕಳು ಹಾಡು ಹೇಳುತ್ತಾರೆ. ಅಲ್ಲಿಂದ ಮಡಿಕೇರಿಯ ಏರು ಶುರುವಾದ ಮೇಲೆ ಹಾಡು ನಿಂತು ಮುಖ ಬಿಳಿಚಿಕೊಳ್ಳುತ್ತದೆ. ಹಾಲ್ನೊರೆ ಪ್ರಸ್ಥಾನದವರು ಬಳ್ಳಿಯಂತೆ ಬಳುಕುವ ರಸ್ತೆ ಎಂದು ಬರೆದಿರುವುದು ಈ ಭಾಗವನ್ನೇ. ಮೂಸಲು ನಿಂಬೆಹಣ್ಣು, ಕಿಟಕಿಯ ಪಕ್ಕದ ಸೀಟು, ತೂತಿಲ್ಲದ ಪ್ಲಾಸ್ಟಿಕ್ ಕವರು ಈ ಮೂರಕ್ಕೆ ಶಾಸ್ತ್ರದಲ್ಲಿ ಸಾಧನತ್ರಯವೆಂದು ಹೆಸರು. ಕವರಿಗೆ ತೂತಿದೆಯೇ ಎಂಬುದನ್ನು ಮುಂಚೆಯೇ ಪರೀಕ್ಷಿಸತಕ್ಕದ್ದು.

ಎರಡನೆಯದು ಹೊರೆ ಸೂಚ್ಯಂಕ. ಮಗು ತಾನೇ ನಡೆಯುತ್ತೇನೆಂದು ಹಟ ಹಿಡಿದು ಓಡುವ ಮೆಟ್ಟಿಲುಗಳನ್ನು ಕಳೆದು ಉಳಿದ ಮೆಟ್ಟಿಲುಗಳನ್ನು ಎಣಿಸಬೇಕು. ಆ ಸಂಖ್ಯೆ ಅಪ್ಪನ ಹೆಗಲಿನದು.

ಮೂರನೆಯದು ಒಂದಕ್ಕೆ-ಎರಡಕ್ಕೆ ಸೂಚ್ಯಂಕ. ಮಗು ಒಂದಕ್ಕೆ ಎಂದು ಬೆರಳು ತೋರಿಸಿದ ಕ್ಷಣಕ್ಕೂ ಅದರ ವ್ಯವಸ್ಥೆಯಾಗುವ ಕ್ಷಣಕ್ಕೂ ನಡುವಿನ ಅಂತರವೇ ಈ ಮಾಪನ. ಗಂಡುಮಗುವಿಗೆ ಬೇಲಿಯ ಪಕ್ಕ ಸಾಕು ಎಂದು ಅಪ್ಪ ಪಂಥ ವಾದಿಸುತ್ತದೆ. ಹೆಣ್ಣುಮಗುವಿಗೆ, ಅಮ್ಮನಿಗೆ, ಮಂಡಿ ನೋವಿನ ಅಜ್ಜಿಗೆ ಎಲ್ಲಿ ಎಂದು ಕೇಳಿದರೆ ವಾದ ಮುಗಿಯುತ್ತದೆ. ಬಹಳಷ್ಟು ತಾಣಗಳಲ್ಲಿ ಶೌಚಾಲಯದ ಕಟ್ಟಡ ಇದೆ. ಉದ್ಘಾಟನೆಯ ಕಲ್ಲೂ ಇದೆ, ಅದರ ಮೇಲೆ ಹೆಸರುಗಳೂ ಇವೆ. ಬಾಗಿಲಿಗೆ ಬೀಗ ಇದೆ. ಬೀಗದ ಕೈ ಟೀ ಕುಡಿಯಲು ಹೋದವರ ಜೇಬಿನಲ್ಲಿದೆ. ಬೀಗ ತೆರೆದಿದ್ದರೆ ನೀರಿಲ್ಲ. ಜಲಪಾತದ ದಂಡೆಯಲ್ಲೇ ಇರುವ ಶೌಚಾಲಯದಲ್ಲಿ ನೀರಿಲ್ಲದಿರುವುದು ವಿಜ್ಞಾನಕ್ಕೆ ಸವಾಲಾದ ಸಂಗತಿ. ಇದರ ಫಲವಾಗಿ ಈ ಸೀಮೆಯ ಹೆಂಗಸರು ಪ್ರವಾಸದ ದಿನ ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ. ಮನೆಯವರೆಲ್ಲ ನೀರು ನೋಡಲು ಹೊರಟ ದಿನ ಮನೆಯ ಹೆಣ್ಣುಮಗಳು ಬಾಯಾರಿಕೊಂಡು ಕೂರಬೇಕು. ಈ ವಾಕ್ಯಕ್ಕೆ ಪಾರಿಭಾಷಿಕ ಪದ ಬೇಕಿಲ್ಲ. ಪ್ರವಾಸೋದ್ಯಮದ ಬಗ್ಗೆ ನಡೆದ ಗೋಷ್ಠಿಗಳಲ್ಲಿ ಈ ವಿಷಯ ಬಂದಿಲ್ಲವೆಂದರೆ ಅದಕ್ಕೆ ಕಾರಣ ಸರಳ: ಗೋಷ್ಠಿ ನಡೆಯುವ ಸಭಾಂಗಣದಲ್ಲಿ ಶೌಚಾಲಯ ಇರುತ್ತದೆ.

6. ತಾಣಗಳ ವರ್ಗೀಕರಣ

6.1 ಜಲಪ್ರಧಾನ

ಚುಂಚನಕಟ್ಟೆಯಲ್ಲಿ ಕಾವೇರಿ ಸುಮಾರು 20 ಮೀಟರ್ ಎತ್ತರದಿಂದ ಬೀಳುತ್ತಾಳೆ. ಕೋದಂಡರಾಮನ ಗುಡಿಯಲ್ಲಿ ಸೀತೆ ರಾಮನ ಬಲಕ್ಕೆ ನಿಂತಿರುವುದು ವಿಶೇಷ. ಹೊರಗೆ ಭೋರ್ಗರೆಯುವ ನೀರಿನ ಸದ್ದು ಗರ್ಭಗುಡಿಯಲ್ಲಿ ಕೇಳಿಸುವುದಿಲ್ಲವೆಂಬುದು ಸ್ಥಳದ ಇನ್ನೊಂದು ಪ್ರಸಿದ್ಧ ಸಂಗತಿ. ಕಂಕುಳ ಕೂಸಿನ ಅಳುವಿಗೆ ಈ ನಿಯಮ ಅನ್ವಯಿಸುವುದಿಲ್ಲ. ಸಂಕ್ರಾಂತಿಯ ಹೊತ್ತಿಗೆ ಇಲ್ಲಿ ದನಗಳ ಜಾತ್ರೆ ಸೇರುತ್ತದೆ; ಹಾಲ್ನೊರೆ ಪ್ರಸ್ಥಾನ ಇದನ್ನು ನಿಸರ್ಗವೆಂದು ಪರಿಗಣಿಸಿಲ್ಲವಾದರೂ, ಕೊಂಬಿಗೆ ಬಣ್ಣ ಬಳಿದ ಹಳ್ಳಿಕಾರ್ ಜೋಡಿಯನ್ನು ಬಾಲ ಪಂಥ ಜಲಪಾತಕ್ಕಿಂತ ಹೆಚ್ಚು ಹೊತ್ತು ನೋಡುತ್ತದೆ.

6.2 ಶಿಲಾಪ್ರಧಾನ

ಬೆಟ್ಟದಪುರ. ಸಿಡಿಲು ಮಲ್ಲಿಕಾರ್ಜುನನ ಸನ್ನಿಧಿಗೆ ಮೂರು ಸಾವಿರದಷ್ಟು ಮೆಟ್ಟಿಲು. ಹೊರೆ ಸೂಚ್ಯಂಕ ಇಲ್ಲಿ ಪರಮಾವಧಿ ಮುಟ್ಟುತ್ತದೆ. ಮಗು ಹತ್ತು ವರ್ಷದ್ದಾಗುವವರೆಗೆ ಬೆಟ್ಟವನ್ನು ಕೆಳಗಿನಿಂದಲೇ ಕೈಮುಗಿದು ನೋಡತಕ್ಕದ್ದು. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ.

6.3 ಗಜಪ್ರಧಾನ

ದುಬಾರೆಯ ಆನೆ ಶಿಬಿರ. ಆನೆಗೆ ಹೊಳೆಯಲ್ಲಿ ಸ್ನಾನ ಮಾಡಿಸುವುದನ್ನು ನೋಡುವುದು ಇಲ್ಲಿನ ಮುಖ್ಯ ವಿಧಿ. ಮನೆಯಲ್ಲಿ ಸ್ನಾನಕ್ಕೆ ಅಟ್ಟಾಡಿಸಿ ಹಿಡಿಯಬೇಕಾದ ಮಗು ಆನೆಯ ಸ್ನಾನವನ್ನು ಕಣ್ಣರಳಿಸಿ ನೋಡುತ್ತದೆ, ತನಗೆ ಅದರಿಂದ ಪಾಠವಿದೆ ಎಂದು ಭಾವಿಸುವುದಿಲ್ಲ. ಆನೆಯ ಬೆನ್ನು ಉಜ್ಜುವ ಮಾವುತರು, ಕಾವಾಡಿಗಳಲ್ಲಿ ಬಹುಪಾಲು ಜೇನುಕುರುಬರು. ಈ ವಿಷಯ 7ನೇ ಭಾಗದಲ್ಲಿ ಮತ್ತೆ ಬರುತ್ತದೆ.

6.4 ಆವರಣಪ್ರಧಾನ

ಕುಶಾಲನಗರದ ಬಳಿ ಕಾವೇರಿಯ ನಡುಗಡ್ಡೆಯಲ್ಲಿ 1989ರಲ್ಲಿ ರೂಪುಗೊಂಡ ಕಾವೇರಿ ನಿಸರ್ಗಧಾಮ. ಸುಮಾರು 64 ಎಕರೆ, ಬಿದಿರು ಮೆಳೆ, ಜಿಂಕೆ, ತೂಗುಸೇತುವೆ. ಮಕ್ಕಳು ತೂಗುಸೇತುವೆಯ ಮೇಲೆ ಕುಣಿಯುತ್ತಾರೆ, ಅಜ್ಜಿ ಅದರ ತಂತಿ ಹಿಡಿದು ಕುಲದೇವರನ್ನು ನೆನೆಯುತ್ತಾರೆ. ಸೇತುವೆ ದಾಟಿದ ಮೇಲೆ ಎಲ್ಲರೂ ನೆರಳಿನಲ್ಲಿ ಕೂತು ಚಿತ್ರಾನ್ನದ ಡಬ್ಬಿ ತೆಗೆಯುತ್ತಾರೆ. ಆಗ ಕೋತಿಗಳು ಬರುತ್ತವೆ. ನಿಸರ್ಗದೊಂದಿಗಿನ ನಿಜವಾದ ಮುಖಾಮುಖಿ ಇಡೀ ದಿನದಲ್ಲಿ ಇದೊಂದೇ.

6.5

ಬೈಲಕುಪ್ಪೆಯ ನಮ್ಡ್ರೋಲಿಂಗ್ ಮಠ. ಊರಿನವರ ಬಾಯಲ್ಲಿ ಗೋಲ್ಡನ್ ಟೆಂಪಲ್. ಮಠ ಸ್ಥಾಪನೆಯಾದದ್ದು 1963ರಲ್ಲಿ, ಚಿನ್ನದ ಬಣ್ಣದ ಮೂರ್ತಿಗಳ ಗುಡಿ ತೆರೆದದ್ದು 1999ರಲ್ಲಿ. ಇದು ನಿಸರ್ಗವಲ್ಲ. ಆದರೆ ನಿಸರ್ಗ ನೋಡಲು ಕೊಡಗಿನ ಕಡೆ ಹೊರಟ ರಾವಂದೂರಿನ ವಾಹನ ಇಲ್ಲಿ ನಿಲ್ಲದೆ ಮುಂದೆ ಹೋಗುವುದಿಲ್ಲ. ಮಕ್ಕಳಿಗೆ ಓಡಾಡಲು ಅಂಗಳವಿದೆ, ಹೆಂಗಸರಿಗೆ ಕೂರಲು ಜಾಗವಿದೆ, ಆಚೆ ಬೀದಿಯಲ್ಲಿ ಮೊಮೊ ಸಿಗುತ್ತದೆ. ತಾಯ್ನೆಲ ಕಳೆದುಕೊಂಡು ಬಂದ ಟಿಬೆಟನ್ನರು ತಮ್ಮ ಊರು ಕಟ್ಟಿಕೊಂಡಾಗ, ನೋಡಲು ಬಂದವರು ಎಲ್ಲಿ ಕೂರುತ್ತಾರೆ ಎಂದು ಯೋಚಿಸಿದ್ದಾರೆ. ಇದು ಯಾವ ವರ್ಗಕ್ಕೆ ಸೇರುತ್ತದೆಂದು ತಿಳಿಯದ್ದರಿಂದ ಶೀರ್ಷಿಕೆಯನ್ನು ಖಾಲಿ ಬಿಡಲಾಗಿದೆ. ಮಡಿಕೇರಿ, ಮಾಂದಲಪಟ್ಟಿ, ತಲಕಾವೇರಿಗಳಿಗೂ ಒಂದೊಂದು ಉಪವರ್ಗ ಕೊಡುವ ಯೋಜನೆಯಿತ್ತು. ವಾಂತಿಯ ಕವರಿನಾಚೆ ಹೇಳುವಂಥದ್ದು ಹೆಚ್ಚಿಲ್ಲದ ಕಾರಣ ಕೈಬಿಡಲಾಗಿದೆ.

7. ನಾಗರಹೊಳೆ

ಇದನ್ನು ವ್ಯಾಘ್ರಪ್ರಧಾನವೆಂದು ಕರೆಯಬೇಕಿತ್ತು. ವರ್ಗೀಕರಣ ಇಲ್ಲಿಗೆ ಸಾಕು.

ನಾಗರಹೊಳೆ 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1999ರಲ್ಲಿ ಹುಲಿ ಯೋಜನೆಯೊಳಗೆ ಬಂತು. ಉದ್ಯಾನದ ವಿಸ್ತೀರ್ಣ 643 ಚದರ ಕಿಲೋಮೀಟರ್. ಹುಣಸೂರು ಕಡೆಯಿಂದ ವೀರನಹೊಸಹಳ್ಳಿ, ಎಚ್.ಡಿ. ಕೋಟೆ ಕಡೆಯಿಂದ ಅಂತರಸಂತೆಯ ದಮ್ಮನಕಟ್ಟೆ, ಕುಟ್ಟದ ಕಡೆಯಿಂದ ನಾಣಚ್ಚಿ ಸಫಾರಿಯ ಬಾಗಿಲುಗಳು. ಚಿಕ್ಕ ಮಕ್ಕಳ ದೃಷ್ಟಿಯಿಂದ ಸಫಾರಿಯ ಸ್ವರೂಪ ಹೀಗಿದೆ: ಮೊದಲ ಜಿಂಕೆಗೆ ಮಗು ಕೂಗುತ್ತದೆ, ಕೂಗಬಾರದೆಂದು ಗದರಿಸುತ್ತಾರೆ. ಹಿಂಡು ಹಿಂಡು ಜಿಂಕೆ ಕಂಡ ಮೇಲೆ ಮಗು ಮುಂದಿನ ಸೀಟಿನವರ ಟೋಪಿಯನ್ನು ನೋಡುತ್ತದೆ. ಆಮೇಲೆ ಒಂದಕ್ಕೆ ಎನ್ನುತ್ತದೆ. ವಾಹನದಿಂದ ಇಳಿಯುವಂತಿಲ್ಲ. ಆಮೇಲೆ ನಿದ್ದೆ ಹೋಗುತ್ತದೆ. ಹುಲಿ ಕಾಣುವುದಾದರೆ ಆಗ ಕಾಣುತ್ತದೆ.

ಹುಲಿಯನ್ನು ನೋಡಲು ದುಡ್ಡು ಕೊಡಬೇಕಿಲ್ಲದವರೂ ಈ ಸೀಮೆಯಲ್ಲಿದ್ದಾರೆ. 2025ರ ಅಕ್ಟೋಬರ್, ನವೆಂಬರಿನಲ್ಲಿ ಸರಗೂರು, ಎಚ್.ಡಿ. ಕೋಟೆ ಕಡೆಯ ಕಾಡಂಚಿನ ಹಳ್ಳಿಗಳಲ್ಲಿ ರೈತರು ಹುಲಿ ದಾಳಿಗೆ ಸಿಕ್ಕಿ ಸತ್ತರು. ಆಮೇಲೆ, ನವೆಂಬರಿನಲ್ಲಿ, ಸರ್ಕಾರ ನಾಗರಹೊಳೆ, ಬಂಡೀಪುರಗಳಲ್ಲಿ ಸಫಾರಿ ನಿಲ್ಲಿಸಿ ಸಿಬ್ಬಂದಿಯನ್ನು ಹುಲಿ ಹಿಡಿಯುವ ಕೆಲಸಕ್ಕೆ ಹಚ್ಚಿತು. ಸಫಾರಿಯ ಬಸ್ಸಿಗೆ ಜಾಲರಿ ಇದೆ; ಹೊಲದಲ್ಲಿ ಹತ್ತಿ ಬಿಡಿಸುವವರಿಗೆ ಇಲ್ಲ.

ಕಬಿನಿಯ ಹಿನ್ನೀರು ಎಂಬ ಸೊಬಗೂ ಹುಟ್ಟಿನಿಂದ ಬಂದದ್ದಲ್ಲ. ಬೀಚನಹಳ್ಳಿಯ ಅಣೆಕಟ್ಟು ಮುಗಿದದ್ದು 1974ರಲ್ಲಿ. ರೆಸಾರ್ಟಿನ ಜಗಲಿಯಿಂದ ಚಿತ್ರ ತೆಗೆಯುವ ನೀರಿನಡಿಯಲ್ಲಿ ಊರುಗಳಿವೆ. ಅದಕ್ಕೂ ಮುಂಚೆ ಇದೇ ಕಾಕನಕೋಟೆ ಕಾಡಿನಲ್ಲಿ ಖೆಡ್ಡಾ ನಡೆಯುತ್ತಿತ್ತು. ಕಾಡಾನೆ ಹಿಡಿಯುವುದನ್ನು ನೋಡಲು ವೈಸ್‌ರಾಯ್‌ಗಳು, ಪರದೇಶದ ಗಣ್ಯರು ಬಂದು ಕೂರುತ್ತಿದ್ದರು. ಕೊನೆಯ ಖೆಡ್ಡಾ 1971ರಲ್ಲಿ. ಆನೆಯ ಹಾದಿ ಬಲ್ಲವರು, ಹಿಡಿದ ಆನೆಯನ್ನು ಪಳಗಿಸಿದವರು ಕಾಡಿನವರು. ಅವರಿಗೆ ಆಗ ಪ್ರೇಕ್ಷಕರ ಸಾಲಿನಲ್ಲಿ ಜಾಗವಿರಲಿಲ್ಲ. ಈಗಲೂ ಇಲ್ಲ.

ಅವರ ಕತೆಯನ್ನು ಸೂಚ್ಯಂಕದಲ್ಲಿ ಹೇಳಲಾಗದು. ಉದ್ಯಾನ, ಹುಲಿ ಮೀಸಲು ಎಂದಾಗುವ ದಾರಿಯಲ್ಲಿ ಜೇನುಕುರುಬರು, ಬೆಟ್ಟಕುರುಬರು, ಎರವರು ಕಾಡಿನೊಳಗಿನ ತಮ್ಮ ಹಾಡಿಗಳಿಂದ ಒಕ್ಕಲೆದ್ದರು. ಕೆಲವರಿಗೆ ನಾಗಾಪುರದಂಥ ಪುನರ್ವಸತಿ ಕೇಂದ್ರ ಸಿಕ್ಕಿತು, ಕೆಲವರು ಕೊಡಗಿನ ಕಾಫಿ ತೋಟದ ಲೈನ್‌ಮನೆಗಳಿಗೆ ಕೂಲಿಗೆ ಹೋದರು. ಮನುಷ್ಯರಿದ್ದರೆ ಕಾಡು ಕೆಡುತ್ತದೆ ಎಂದು ಅವರಿಗೆ ಹೇಳಿದ ಕಾಲದಲ್ಲೇ ಕಾಡಿನೊಳಗಿನ ಮೂರ್ಕಲ್ಲಿನಲ್ಲಿ ಐಷಾರಾಮಿ ಹೋಟೆಲೊಂದು ಏಳಲು ಹೊರಟಿತ್ತು. ಆದಿವಾಸಿಗಳು ಎದ್ದು ನಿಂತರು, ನ್ಯಾಯಾಲಯಕ್ಕೆ ಹೋದರು, 1997ರಲ್ಲಿ ಹೈಕೋರ್ಟು ಅದನ್ನು ತಡೆಯಿತು. ಮನುಷ್ಯರಿಂದ ಕಾಡು ಕೆಡುವುದೇ ಹೌದಾದರೆ, ಯಾವ ಮನುಷ್ಯರಿಂದ ಎಂಬುದನ್ನು ಯಾವ ಶಾಸ್ತ್ರ ನಿರ್ಧರಿಸುತ್ತದೆ? ಬಾಡಿಗೆ ಕಟ್ಟಿದವನು ಕಾಡಿಗೆ ಅತಿಥಿ, ಅಲ್ಲೇ ಹುಟ್ಟಿದವನು ಅತಿಕ್ರಮಣಕಾರ! 2006ರ ಅರಣ್ಯ ಹಕ್ಕು ಕಾಯಿದೆ ಬಂದು ಎರಡು ದಶಕ ಸಮೀಪಿಸುತ್ತಿದ್ದಾಗ, 2025ರ ಮೇ ತಿಂಗಳಲ್ಲಿ, ಜೇನುಕುರುಬರ 52 ಕುಟುಂಬಗಳು ಕರಡಿಕಲ್ಲು ಅತ್ತೂರು ಕೊಲ್ಲಿಯ ತಮ್ಮ ಹಳೆಯ ನೆಲಕ್ಕೆ ಮರಳಿ ಗುಡಿಸಲು ಹಾಕಿದವು. ಅವೂ ಚಿಕ್ಕ ಮಕ್ಕಳಿರುವ ಕುಟುಂಬಗಳೇ. ಅವರ ಆಯ್ಕೆಯ ಬಗ್ಗೆ ತೌಲನಿಕ ಅಧ್ಯಯನ ಬೇಕಾಗಿರಲಿಲ್ಲ.

8. ಕೆರೆ

ಆಕರಗಳೆಲ್ಲ ಮುಗಿದ ಮೇಲೆ ಬಾಲ ಪಂಥದ ಬೇಡಿಕೆಗೆ ಮರಳಬೇಕಾಗುತ್ತದೆ: ನೀರು, ಮಣ್ಣು, ಐಸ್‌ಕ್ಯಾಂಡಿ. ಇವು ಮೂರೂ ಒಂದು ಕಾಲಕ್ಕೆ ಊರಿನಲ್ಲೇ ಇದ್ದವು. ಕೆರೆಯ ಏರಿಯಿತ್ತು, ತೂಬಿನ ಕೆಳಗೆ ಮೊಣಕಾಲುದ್ದ ಹರಿಯುವ ಕಾಲುವೆಯಿತ್ತು, ಬೆನ್ನಿಗೆ ಸೋರೆಬುರುಡೆ ಕಟ್ಟಿ ಈಜು ಕಲಿಸುವ ಮಾವನೋ ಅಣ್ಣನೋ ಇದ್ದ. ಆಗ ಈ ಸೀಮೆಯಲ್ಲಿ ಯಾರೂ ನಿಸರ್ಗತಾಣಕ್ಕೆ ಹೋಗುತ್ತಿರಲಿಲ್ಲ, ಜಾತ್ರೆಗೆ ಹೋಗುತ್ತಿದ್ದರು.

ಈಗ ಕೆರೆಯಂಗಳದಲ್ಲಿ ಜೆಸಿಬಿ ಮಣ್ಣು ತೆಗೆದ ಗುಂಡಿಗಳಿವೆ. ಮಳೆ ಬಂದಾಗ ನೀರು ಎಲ್ಲವನ್ನೂ ಒಂದೇ ಮಟ್ಟಕ್ಕೆ ಮುಚ್ಚುತ್ತದೆ. ಎಲ್ಲಿ ಮೊಣಕಾಲುದ್ದ, ಎಲ್ಲಿ ಎರಡಾಳುದ್ದ ಎಂಬುದು ಮೇಲಿನಿಂದ ಕಾಣುವುದಿಲ್ಲ. ಬೇಸಿಗೆ ರಜೆಯಲ್ಲಿ, ದಸರಾ ರಜೆಯಲ್ಲಿ, ಈಜಲು ಹೋದ ಮಕ್ಕಳ ಸುದ್ದಿ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುತ್ತದೆ. ಆ ಮಕ್ಕಳು ತಾಣ ಆರಿಸಿಕೊಂಡಿದ್ದರು: ಮನೆಗೆ ಹತ್ತಿರದ್ದು, ಟಿಕೆಟ್ ಇಲ್ಲದ್ದು. ನದಿ ದಂಡೆಗಳಲ್ಲಿ ಸುರಕ್ಷತೆಗೆಂದು ಇರುವುದು ಬೋರ್ಡು. ಇಲ್ಲಿ ಇಷ್ಟು ಜನ ಸತ್ತಿದ್ದಾರೆ, ಈಜಬೇಡಿ ಎಂದು ಅದು ಹೇಳುತ್ತದೆ. ಸಂಖ್ಯೆ ಬದಲಿಸಲು ಬಣ್ಣದ ಡಬ್ಬ ಸಾಕು; ಹಿಡಿದುಕೊಳ್ಳಲು ಸರಪಳಿ ಹಾಕಲು, ಆಳವಿಲ್ಲದ ಕಡೆ ನಾಲ್ಕು ಮೆಟ್ಟಿಲು ಕಟ್ಟಲು, ರಜೆಯ ದಿನಗಳಲ್ಲಿ ಈಜು ಬಲ್ಲ ಒಬ್ಬನನ್ನು ದಂಡೆಯಲ್ಲಿ ಕೂರಿಸಲು ಅನುದಾನವಿಲ್ಲ. ಹೋಬಳಿಗೊಂದು ಕೆರೆಯಲ್ಲಿ ಮಕ್ಕಳು ಇಳಿದು ಆಡಬಹುದಾದ ಒಂದು ಮೂಲೆಯನ್ನು ಮಾಡಿಕೊಟ್ಟಿದ್ದರೆ ಈ ಪ್ರಬಂಧ ಬರೆಯಬೇಕಿರಲಿಲ್ಲ.

9. ನಿರ್ಣಯ

ಮೇಲಿನ ಎಲ್ಲ ಸೂಚ್ಯಂಕಗಳನ್ನೂ, ಪಂಥಗಳನ್ನೂ, ಬ್ಯಾರನ್ನನ್ನೂ ಗಮನಕ್ಕೆ ತೆಗೆದುಕೊಂಡು, ಆರು ವರ್ಷದೊಳಗಿನ ಮಕ್ಕಳಿರುವ ರಾವಂದೂರಿನ ಕುಟುಂಬ ಚುಂಚನಕಟ್ಟೆಗೆ ಹೋಗತಕ್ಕದ್ದು. ಕಾಲ: ಆಗಸ್ಟ್‌ನ ಒಂದು ಭಾನುವಾರ, ಇಲ್ಲವೇ ಮಳೆ ಚೆನ್ನಾಗಿ ಆಗಿದ್ದರೆ ದಸರಾ ರಜೆ. ತಿರುವು ಕಡಿಮೆ, ಮೆಟ್ಟಿಲು ಕಡಿಮೆ, ಗುಡಿ ಇದೆ, ನೀರು ಇದೆ. ನೀರನ್ನು ಮೇಲಿನಿಂದ ನೋಡತಕ್ಕದ್ದು, ಬಂಡೆಯ ಮೇಲೆ ಇಳಿಯಬಾರದು, ಮಗುವಿನ ಕೈಯನ್ನು ಫೋಟೋ ತೆಗೆಯುವಾಗಲೂ ಬಿಡಬಾರದು. ಊಟ ಮನೆಯಿಂದ ಒಯ್ಯತಕ್ಕದ್ದು. ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇದೆ ಎಂದು ತಲುಪಿದ ಕೂಡಲೇ ವಿಚಾರಿಸಿ, ಹೆಂಗಸರು ನೀರು ಕುಡಿಯತಕ್ಕದ್ದು. ಬ್ಯಾರನ್ನಿಗೆ ಬೆಂಕಿ ಹಾಕಿದ್ದರೆ ಅಪ್ಪ ಮನೆಯಲ್ಲೇ ಉಳಿಯತಕ್ಕದ್ದು. ಪ್ರವಾಸದ ಖರ್ಚಿನಲ್ಲಿ ಒಂದು ಟಿಕೆಟ್ ಉಳಿಯುತ್ತದೆ. ಅಜ್ಜಿಗೆ, ಅಮ್ಮನಿಗೆ, ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲ. ಹೊರಡುವ ಮುಂಚೆ ಅಜ್ಜಿಯ ಆಧಾರ್ ಕಾರ್ಡು ಚೀಲದಲ್ಲಿದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ಕಂಡಕ್ಟರು ಟಿಕೆಟ್ ಹರಿಯುತ್ತಾರೆ.